ಒಗೆಯದ ರಾತ್ರಿ

ಹಲ್ ಊರಿನ ಹೆಸಲ್ ರೋಡಿನ ಹಿಂದಣ ಓಣಿಗಳಲ್ಲಿ
ಮೀಟರು ಇರುವುದು ಮೆಟ್ಟಿಲ ಕೆಳಗಿನ ಗೂಡಿನೊಳಗೆ.
ಐದು ವರ್ಷದಲ್ಲಿ ಎಷ್ಟು ಗೂಡುಗಳಿಗೆ ತಲೆ ತೂರಿಸಿದ್ದೇನೋ,
ಲೆಕ್ಕ ಕಂಪನಿಯ ಬಳಿ ಇದೆ.
ನನ್ನ ಬಳಿ ಇರುವುದು ಬರೀ ವಾಸನೆ:
ಬೂಟ್ ಪಾಲಿಶ್, ನಾಯಿಯ ಚಾಪೆ, ಒಣಗಿದ ಬಣ್ಣದ ಡಬ್ಬಿ.
ಒಂದು ಮನೆಯಲ್ಲಿ ಮಾತ್ರ, ಡಾಂಬರು ಮತ್ತು ಉಪ್ಪು.

ಎನಿಡ್ ಸ್ಟಾಥರ್ಸ್ ಬಾಗಿಲು ತೆರೆದು ಮೊದಲು ಕೇಳಿದ್ದು
ಬೂಟು ಬಿಚ್ಚುತ್ತೀಯಾ ಎಂದು.
ಆಮೇಲೆ, ನೀನು ಯಾರು ಎಂದು.

ಹಳೆಯ ಮೀಟರಿನ ಗಾಜಿನ ಹಿಂದೆ ತಟ್ಟೆ ತಿರುಗುತ್ತಿತ್ತು,
ಅಂಚಿನಲ್ಲೊಂದು ಕೆಂಪು ಗೀಟು,
ಬರುತ್ತದೆ, ಹೋಗುತ್ತದೆ, ಗಾಣದೆತ್ತಿನ ಹಾಗೆ,
ಎಣ್ಣೆ ಯಾರಿಗೆಂದು ಕೇಳದೆ.
ಮೇನ್ ಆಫ್ ಮಾಡಿದೆ.
ಗೀಟು ಅರೆಹೆಜ್ಜೆ ಇಟ್ಟು ನಿಂತಿತು.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ಗೋಡೆಯಾಚೆ ಪಕ್ಕದವರ ಟಿವಿಯಲ್ಲಿ ಯಾರೋ ನಗುತ್ತಿದ್ದರು.

ನಲವತ್ತು ನಿಮಿಷ. ಟಾರ್ಚು ಹಲ್ಲಲ್ಲಿ ಕಚ್ಚಿ ಸ್ಕ್ರೂ ಬಿಚ್ಚಿದೆ,
ಟಾರ್ಚು ತೆಗೆದಾಗೆಲ್ಲ ಹೊಸದರ ಗುಣಗಾನ ಮಾಡಿದೆ,
ತರಬೇತಿಯಲ್ಲಿ ಕಲಿಸಿದ ಹಾಗೆ:
ಅರ್ಧ ಗಂಟೆಗೊಮ್ಮೆ ತಾನೇ ಲೆಕ್ಕ ಕಳಿಸುತ್ತದೆ,
ಇನ್ನು ಓದಲು ಯಾರೂ ಬಾಗಿಲು ಬಡಿಯುವುದಿಲ್ಲ.
"ಅದು ಒಳ್ಳೆಯದಾ?" ಎಂದಳು.
ಸಮುದ್ರದಲ್ಲಿ ಗಾಳಿ ಜೋರಾದ ರಾತ್ರಿ
ನಿಮ್ಮ ಫೋನಿಗೆ ಸುದ್ದಿ ಬರುತ್ತದೆ,
ಈಗ ಕರೆಂಟು ಅಗ್ಗ, ಈಗ ಒಗೆಯಿರಿ ಅಂತ.
"ಗಾಳಿಯ ಸುದ್ದಿ," ಎಂದಳು, "ಈ ಓಣಿಗೆ
ಯಾವತ್ತೂ ತಾನಾಗಿಯೇ ಬಂದಿದೆ."

ಜನವರಿಯ ಒಂದು ರಾತ್ರಿ ಬಂತು ಗಾಳಿ.
ಉತ್ತರ ಸಮುದ್ರದ ಬಿಳಿ ಕಂಬಗಳೆಲ್ಲ ಒಟ್ಟಿಗೆ ತಿರುಗಿ
ತಂತಿಗಳಿಗೆ ಹೊರೆ ಮಿತಿಮೀರಿ,
ಎಲ್ಲೋ ಒಂದು ಕೋಣೆಯಲ್ಲಿ, ಯಾರ ಬೆರಳೂ ತಾಗದೆ,
ಸುದ್ದಿ ಹೊರಟಿತು: ಎರಡರಿಂದ ಐದು, ದರ ಸೊನ್ನೆ.
ಓಣಿಗೆ ಓಣಿಯೇ ಎದ್ದಿತು.
ಕಾರುಗಳು ಕೇಬಲು ಕಚ್ಚಿ ಕುಡಿದವು,
ನೀರಿನ ಹಂಡೆಗಳು ಗುಡುಗುಡಿಸಿದವು,
ಇಪ್ಪತ್ತಮೂರು ವಾಷಿಂಗ್ ಮೆಷಿನ್ನುಗಳು
ಇಟ್ಟಿಗೆ ಗೋಡೆಗಳನ್ನು ಅದುರಿಸಿದವು.
ನಕ್ಷೆಯ ಮೇಲೆ ಹಸಿರು, ಹಸಿರು, ಹಸಿರು,
ನಡುವೆ ಒಂದು ಚುಕ್ಕಿ ಬೂದಿ.
ಹದಿನೇಳನೆಯ ನಂಬರು.
ಬೇರೆ ರಾತ್ರಿ ಕರೆದರೆ ಓಗೊಡುತ್ತದೆ, ಕೆಲವು ರಾತ್ರಿ ಇಲ್ಲ.
ಮೀಟರು ಕೆಟ್ಟಿರಬಹುದು, ನೋಡಿ ಬಾ
ಎಂದು ನನಗೆ ಟಿಕೆಟ್ ಬಂತು.

ಕೆಟ್ಟಿರಲಿಲ್ಲ.
ಅಡುಗೆಮನೆಯಲ್ಲಿ ಬಟ್ಟೆಬುಟ್ಟಿ ತುಂಬಿ ತುಳುಕುತ್ತಿತ್ತು,
ಒಂದು ಗಂಡಸಿನ ಅಂಗಿ ತೋಳು ಹೊರಗೆ ಚಾಚಿ.
"ಮೊಮ್ಮಗ ಹಡಗು ಹತ್ತಿದ ದಿನ ಅದು," ಎಂದಳು ಎನಿಡ್.
"ಆ ನಿಮ್ಮ ಗಾಳಿಕಂಬಗಳದೇ ನಟ್ಟು ಬಿಗಿಯಲಿಕ್ಕೆ. ಎರಡು ವಾರ.
ಹೋದ ದಿನ ಒಗೆದರೆ
ಹೋದವನನ್ನೇ ತೊಳೆದುಕೊಂಡ ಹಾಗೆ.
ನಮ್ಮಮ್ಮ ಒಗೆಯಲಿಲ್ಲ. ಅವಳಮ್ಮ ಒಗೆಯಲಿಲ್ಲ.
ಮೂಲೆಮನೆಯ ವಿನಿಫ್ರೆಡ್ ಒಂದು ಸಲ..."
ಕೆಟಲಿನ ಕಡೆ ತಿರುಗಿದಳು.
ಕಥೆ ಅಲ್ಲೇ ಉಳಿಯಿತು, ನಲ್ಲಿ ಸುರಿಯತೊಡಗಿತು.

ಫಾರ್ಮಿನಲ್ಲಿ ಕಾರಣಕ್ಕೆ ನಾಲ್ಕೇ ಮನೆ:
ತಂತಿ ಸಡಿಲ. ಸಿಗ್ನಲ್ ಇಲ್ಲ.
ಗ್ರಾಹಕರಿಗೆ ತಿಳಿವಳಿಕೆ ಇಲ್ಲ. ಇತರೆ.
ಮೂರನೆಯದರ ಮೇಲೆ ಬೆರಳು ತುಸು ಹೊತ್ತು ನಿಂತಿತ್ತು,
ಸುಳ್ಳೇಕೆ.
ಇತರೆ ಒತ್ತಿದೆ. ವಿವರಿಸಿ ಎಂದಿತು.
ಸಮುದ್ರ ಎಂದು ಬರೆದೆ.
ಪಟ್ಟಿಯಿಂದ ಆರಿಸಿ ಎಂದಿತು.

ಸಂಜೆ ಐದೂವರೆ. ದಿನದ ದುಬಾರಿ ಗಳಿಗೆ.
ನನಗೆಂದು ಟೀ ಇಟ್ಟಳು, ಕೆಟಲಿನ ತುಂಬ ನೀರು,
ಇಬ್ಬರಿಗೆ ಅಷ್ಟು ಬೇಕಿರಲಿಲ್ಲ.
ಕಿಟಕಿಯ ಬಳಿ ನಾನೇ ಇಟ್ಟುಹೋಗಿದ್ದ ಪುಟ್ಟ ಪರದೆಗೆ
ಪಾತ್ರೆ ಒರೆಸುವ ಬಟ್ಟೆ ಹೊದಿಸಿದ್ದಳು.
ನೀರು ಕುದಿಯುವವರೆಗೂ
ಬಟ್ಟೆಯೊಳಗಿಂದ ಕೆಂಪಗೆ ಕಾಣುತ್ತಿತ್ತು.